ಪಕೀರಮ್ಮನ ಮೀನಿನ ಹೊಂಡ

ಕಾಲುವೆ ಬಂದು ಊರಿಗೆಲ್ಲ ಭತ್ತ ಕೊಟ್ಟಿತು, ಸಾಲಗುಂದದ ಪಕೀರಮ್ಮನ ತಗ್ಗಿನ ಹೊಲಕ್ಕೆ ಮಾತ್ರ ಸವಳು ಕೊಟ್ಟಿತು. ಮೇಲಿನ ಗದ್ದೆಗಳ ನೀರೆಲ್ಲ ಬಸಿದು ಅಲ್ಲೇ ನಿಂತು ನೆಲ ಉಪ್ಪುಗಟ್ಟಿತ್ತು. ಗಂಡ ತಾಯಪ್ಪ ಕೈಚೆಲ್ಲಿ ಕೂತ. ಇವಳು ಹೊಂಡ ತೋಡಿಸಿ ಮೀನು ಬಿಟ್ಟಳು. ಓಣಿಯವರು ಮೂಗು ಮುರಿದರು. ಅವಳೇನು ಅವರ ಮೂಗು ನೋಡಿಕೊಂಡು ಬದುಕುವವಳಲ್ಲ.

ಮೀನಿಗೆ ಮೇವೆಂದರೆ ನೀರಿನ ಹಸಿರು. ಬಿಸಿಲು ಬಿದ್ದಂತೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬೆಳೆಯುತ್ತದೆ. ಅದು ಬೆಳೆಯಲೆಂದೇ ಅವಳು ಸೆಗಣಿ ಕದಡಿ ಸುರಿಯುತ್ತಾಳೆ, ಆಮೇಲೆ ತೋಳು ಮುಳುಗಿಸಿ ನೋಡುತ್ತಾಳೆ. ಮೊಣಕೈವರೆಗೆ ಇಳಿಸಿದಾಗ ಅಂಗೈ ಮಸುಕಾಗಿ ಕಂಡರೆ ಸರಿ, ಕಾಣದಿದ್ದರೆ ಸೆಗಣಿ ಬಂದ್.

ಈ ಬೇಸಿಗೆ ಬೆಳೆಗೆ ಮೇಲಿನ ಗದ್ದೆಯ ಕರಿಬಸಪ್ಪ ಯೂರಿಯಾ ಎರಚಿದ ಮರುದಿನವೇ, ನೀರು ಹೆಚ್ಚಾಯಿತೆಂದು ಬದು ಕಡಿದ. ಗೊಬ್ಬರದ ನೀರೆಲ್ಲ ಹೊಂಡಕ್ಕೆ ಬಂತು. ವಾರದೊಳಗೆ ನೀರು ಬಣ್ಣ ಕಲಸಿದಂತಾಯಿತು, ಮಣಿಕಟ್ಟು ಮುಳುಗುವುದರೊಳಗೇ ಅಂಗೈ ಮಾಯ. ಮೇಲೆ ಮೋಡ ಕವಿಯಿತು, ಗಾಳಿ ನಿಂತಿತು. ಬಿಸಿಲಿಲ್ಲದಾಗ ಆ ಹಸಿರೇ ನೀರಿನ ಉಸಿರನ್ನು ಎಳೆದುಕೊಳ್ಳುತ್ತದೆ. ಮೀನುಗಳು ಬಾಯಿ ತೆರೆದು ಮೇಲೆ ಬಂದವು.

ಪಕೀರಮ್ಮ ಮೇಲಿನ ನೀರು ಹೊಂಡಕ್ಕೆ ಇಳಿಯುವ ಬಸಿಗಾಲುವೆಯ ಬಾಯಿಗೆ ಮಣ್ಣಿನ ಚೀಲ ಒಟ್ಟಿ, ಅವುಗಳ ಮೇಲೆ ಕೂತಳು. ನೀರು ತಿರುಗಿ ಕರಿಬಸಪ್ಪನ ಗದ್ದೆಗೇ ಏರಿತು. ಅವನು ಉರಿದುಕೊಂಡು ಬಂದ.

“ಹಸಿರಾಗಲಿ ಅಂತ ನೀನೂ ಸೆಗಣಿ ಹಾಕ್ತಿ. ನಾ ಪುಕ್ಕಟ ಗೊಬ್ಬರ ಕೊಟ್ಟರ ತಪ್ಪೇನವಾ?”

“ಸಾರಿಗೆ ಉಪ್ಪು ನಾ ಹಾಕೀನ್ರಿ ಸಾವ್ಕಾರ್ರ. ಮ್ಯಾಲ ನೀವೊಂದು ಬೊಗಸಿ ಸುರುವಿದ್ರ ಉಣ್ಣಾವ್ರು ಯಾರು?”

ತಾಯಪ್ಪ ಅಂಜಿದ. “ದೊಡ್ಡೋರ ಜೋಡಿ ಯಾಕ್ಬೇ? ಏಳು.”

“ನೀ ಮನೀಗೆ ನಡಿ. ನಾ ಏಳಂಗಿಲ್ಲ.”

ಮರುದಿನ ಬೆಳಕು ಹರಿಯುವಾಗ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದ್ದವು. ಪಕೀರಮ್ಮ ಊರಿಗೆ ಕೇಳುವಂತೆ ಅತ್ತಳು. ಅತ್ತು ಮುಗಿಸಿ, ಮತ್ತೆ ಅದೇ ಚೀಲಗಳ ಮೇಲೆ ಹೋಗಿ ಕೂತಳು.

ಮತ್ತೆ ಬಂದ ಕರಿಬಸಪ್ಪನ ದನಿ ಮೆತ್ತಗಾಗಿತ್ತು. “ಮೀನೆಲ್ಲ ಸತ್ತು ಹೋಗ್ಯಾವಲ್ಲವಾ. ಇನ್ನೇನು ಕಾಯಾಕತ್ತಿ? ತಗಿ ಚೀಲ.”

“ಅವು ಸತ್ತಾವ್ರಿ. ನಾ ಸತ್ತಿಲ್ಲ. ಹೊಸ ಮರಿ ಬಿಡ್ತೀನಿ, ಅವಕ್ಕ ನೀರು ಕಾಯಾಕತ್ತೀನಿ. ನಿಮ್ಮ ನೀರಿಗೆ ನಿಮ್ಮ ಹೊಲದಾಗ ದಾರಿ ಮಾಡ್ಕೋರಿ.”

ಮಧ್ಯಾಹ್ನ ಜೆಸಿಬಿ ಬಂತು. ಅದರ ಸದ್ದು ಕೇಳಿ ತಾಯಪ್ಪ ಓಡಿ ಬಂದ. ಹೆಂಡತಿಯನ್ನು ಎಬ್ಬಿಸಲಿಲ್ಲ, ತಾನೂ ಅವಳ ಪಕ್ಕದಲ್ಲಿ ಕೂತ. ಜೆಸಿಬಿ ಅವರಿಬ್ಬರನ್ನೂ ದಾಟಿ ಹೋಗಿ, ಕರಿಬಸಪ್ಪನದೇ ಗದ್ದೆಯ ಅಂಚಿನಲ್ಲಿ ಹಳ್ಳದ ಕಡೆಗೆ ಕಾಲುವೆ ತೆಗೆಯತೊಡಗಿತು.

ಪಕೀರಮ್ಮ ಆಗಲೂ ಏಳಲಿಲ್ಲ. ನೀರು ಹಳ್ಳಕ್ಕೆ ಇಳಿಯುವುದನ್ನು ಕಣ್ಣಾರೆ ಕಂಡ ಮೇಲೇ ಎದ್ದಳು.