ನದಿಗೆ ಜಾಗ ಉಳಿಸಿದ ಅಕ್ಕೋರು

ಮುಂಬಯಿಯ ಕನ್ನಡ ಶಾಲೆಗಳ ಚರಿತ್ರೆ ಬರೆಯುವವರು ಕಾಂದಿವಲಿಯ ನದಿದಂಡೆಯ ಪಾಲಿಕೆ ಶಾಲೆಯನ್ನು ಬಿಟ್ಟು ಮುಂದೆ ಹೋಗಲಾರರು; ಆ ಶಾಲೆಯ ಕುರಿತು ಬರೆಯುವವರು ಅದರ ಮುಖ್ಯಾಧ್ಯಾಪಕಿ, ಮಕ್ಕಳಿಗೂ ಪಾಲಕರಿಗೂ ‘ಅಕ್ಕೋರು’ ಆದ ಶ್ರೀಮತಿ ಇಂದ್ರಾಬಾಯಿ ಕೋಳೂರ ಅವರ ಹೆಸರಿನಿಂದಲ್ಲದೆ ಆರಂಭಿಸಲಾರರು. ಅವರು ಸೇವೆಯಿಂದ ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಅವರ ಕೈಕೆಳಗೆ ಪಾಠ ಹೇಳಲು ಕಲಿತ ನನಗೆ ಈ ನಾಲ್ಕು ಮಾತು ಬರೆಯುವ ಅವಕಾಶ ಒದಗಿದ್ದು ಭಾಗ್ಯವೇ ಸರಿ.

ಮದುವೆಯಾಗಿ ವಿಜಯಪುರದಿಂದ ಬಂದು ಸಹಶಿಕ್ಷಕಿಯಾಗಿ ಸೇರಿದ ಅವರು, ಕಟ್ಟಡ ಕೆಲಸಕ್ಕೆಂದು ಊರು ಬಿಟ್ಟು ಬಂದವರ ಮಕ್ಕಳನ್ನು ವರ್ಷದ ನಡುವೆಯೂ ಸೇರಿಸಿಕೊಂಡು, ದಾಖಲೆಗಳ ಓಡಾಟವನ್ನು ತಾವೇ ಮಾಡುತ್ತಿದ್ದರು. ಮೇಲಿನ ದಂಡೆಗಳಲ್ಲಿ ಬಿಲ್ಡಿಂಗುಗಳು ಏಳುತ್ತ ಹೋದಂತೆ ಮಳೆಗಾಲದ ನದಿ ಪಕ್ಕದ ಚಾಳಿಗೆ, ಕೂಲಿಕಾರರ ಸಾಲುಮನೆಗಳಿಗೆ, ನುಗ್ಗತೊಡಗಿತು. ಆಗೆಲ್ಲ ತುಸು ಎತ್ತರದಲ್ಲಿದ್ದ ನಮ್ಮ ಶಾಲೆಯೇ ಆಸರೆ. ಬೆಂಚು ಸರಿಸಿ ಜನರನ್ನು ಮಲಗಿಸಿ, ಖಿಚಡಿ ಬೇಯಿಸಿ, ತೊಯ್ದ ಪಠ್ಯಪುಸ್ತಕಗಳನ್ನು ಒಲೆಯ ಬಳಿ ಒಣಗಿಸುತ್ತಿದ್ದ ಅಕ್ಕೋರಿಗೆ ಒಂದೇ ಕೊರಗು: ವಾರಗಟ್ಟಲೆ ನಿಂತ ಪಾಠದ ನಷ್ಟ ಯಾರ ಲೆಕ್ಕಕ್ಕೂ ಬರುವುದಿಲ್ಲವಲ್ಲ.

ಕೆಲವು ವರ್ಷಗಳ ಹಿಂದೆ ಶಾಲೆಯ ಎದುರಿನ ನದಿಬಯಲಿಗೇ ಮಣ್ಣು ತುಂಬಿಸಿ ಬಹುಮಹಡಿ ಮನೆಗಳನ್ನು ಕಟ್ಟುವ ಯೋಜನೆ ಬಂತು. ವಿರೋಧಿಸದಿದ್ದರೆ ಸೋರುವ ಶಾಲೆಯ ಜಾಗದಲ್ಲಿ ಹೊಸ ಕಟ್ಟಡ ಕಟ್ಟಿಕೊಡುವುದಾಗಿ ಬಿಲ್ಡರ್ ಹೇಳಿಕಳಿಸಿದ. ಅಕ್ಕೋರು ಒಪ್ಪಲಿಲ್ಲ. ಅವರ ಮೇಲೆ ಪಾಲಕರೇ ಮುನಿದರು. ಚಾಳಿನಲ್ಲಿದ್ದ, ಗಾರೆ ಕೆಲಸದ ಗೌಂಡಿ ಬಸವಂತಪ್ಪ ಎಲ್ಲರ ಪರವಾಗಿ ಬಂದು ಕೇಳಿದ:

“ಅಕ್ಕೋರ, ಹೊಸಾ ಸಾಲಿ ಬರತೈತಿ, ನಮಗ ಕೆಲಸಾನೂ ಸಿಗತೈತಿ. ನೀವ್ಯಾಕ ಅಡ್ಡ ಬರ್ತೀರಿ?”

“ಬಯಲಿಗಿ ಮಣ್ಣು ಏರಿಸಿದ್ರ ನದಿ ಎಲ್ಲಿಗಿ ಹೋಗಬೇಕು, ಬಸವಂತಪ್ಪ? ನಿಮ್ಮ ಚಾಳಿಗೇ ಬರತೈತಿ. ಆಮ್ಯಾಲ ನಿನ್ನ ಮಕ್ಕಳು ಹೊಸಾ ಸಾಲ್ಯಾಗ ಕಲಿಯೂದಿಲ್ಲ, ಬರೇ ಮಲಗತಾರ.”

ಅವನು ಅಂದು ಮುನಿಸಿನಲ್ಲೇ ಹೋದ. ಆದರೆ ಯೋಜನೆಯ ಬಗ್ಗೆ ಪಾಲಿಕೆ ಕರೆದ ಸಾರ್ವಜನಿಕ ವಿಚಾರಣೆಯ ದಿನ ಚಾಳಿನವರನ್ನೆಲ್ಲ ಕರೆತಂದು ಮುಂದಿನ ಸಾಲಿನಲ್ಲಿ ಕುಳಿತಿದ್ದ.

ಅಂದು ಅಕ್ಕೋರು ಮರಾಠಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ನೆರೆ ಬಂದಾಗ ನೀರೆತ್ತುವ ಪಂಪು, ಜನರನ್ನು ಸಾಗಿಸುವ ದೋಣಿ, ಮುಚ್ಚುವ ಶಾಲೆ, ಇವುಗಳ ಖರ್ಚು ಯೋಜನೆಯಲ್ಲಿ ಎಲ್ಲಿದೆ? ಅದು ಪಾಲಿಕೆಯ ಹೊಣೆಯೆಂದು ಬಿಲ್ಡರನ ಪ್ರತಿನಿಧಿ ಸಲೀಸಾಗಿ ಉತ್ತರಿಸಿದ. ಆಗ, ಅದೇ ಯೋಜನೆಯಲ್ಲಿ ಫ್ಲ್ಯಾಟ್ ಬುಕ್ ಮಾಡಿದ್ದ ಸೋನಾಲಿ ಎಂಬ ಯುವತಿ ಎದ್ದು ನಿಂತು, ಹಾಗಾದರೆ ನೀರು ಬರುತ್ತದೆಂದು ನಿಮಗೆ ಗೊತ್ತಿತ್ತೇ, ನಮಗೇಕೆ ಹೇಳಲಿಲ್ಲ ಎಂದು ಹಿಂದಿಯಲ್ಲಿ ಕೇಳಿದಳು. ಸಭೆ ಅಲ್ಲಿಂದ ತಿರುಗಿತು. ಬುಕ್ ಮಾಡಿದವರೂ ಚಾಳಿನವರೂ, ಬಯಲನ್ನು ಬಿಟ್ಟು ಕಟ್ಟಿರೆಂಬ ಒಂದೇ ಮನವಿಗೆ ಸಹಿ ಹಾಕಿದರು.

ಕೊನೆಗೆ ಯೋಜನೆಯ ನಕ್ಷೆಯೇ ಬದಲಾಯಿತು. ಕಟ್ಟಡಗಳು ರಸ್ತೆಯ ಬದಿಯ ಎತ್ತರದ ನೆಲಕ್ಕೆ ಸರಿದವು. ಗಟಾರಗಳ ಖರ್ಚು ಬಿಲ್ಡರನ ತಲೆಗೇ ಬಿತ್ತು. ಬಯಲು ಬಯಲಾಗಿಯೇ ಉಳಿಯಿತು. ಪಾಲಿಕೆ ಕೊಟ್ಟ ಸಿಮೆಂಟಿನಿಂದ ಚಾಳಿನ ಗೌಂಡಿಗಳೇ ಶಾಲೆಯ ತಾರಸಿ ರಿಪೇರಿ ಮಾಡಿದರು. ಕಳೆದ ಜುಲೈಯಲ್ಲಿ ಲೋಕಲ್ ರೈಲು ನಿಂತುಹೋಗಿ, ಮಲಾಡಿನಿಂದ ಮೊಣಕಾಲುದ್ದ ನೀರಿನಲ್ಲಿ ನಡೆದು ನಾನು ಶಾಲೆ ಮುಟ್ಟಿದಾಗ, ನದಿ ಬಯಲಿನ ತುಂಬ ಹರಡಿಕೊಂಡು ನಿಂತಿತ್ತು, ಚಾಳಿನ ಹೊಸ್ತಿಲು ಒಣಗಿತ್ತು, ಒಳಗೆ ಅಕ್ಕೋರು ಏಳನೆಯ ತರಗತಿಗೆ ಸಂಧಿ ಬಿಡಿಸುತ್ತಿದ್ದರು. ತಡವಾಗಿ ಬಂದ ನನ್ನನ್ನು ಗದರಿದರು. ಅಷ್ಟು ಸಂತೋಷದಿಂದ ನಾನು ಯಾವತ್ತೂ ಬೈಸಿಕೊಂಡಿಲ್ಲ.

ತಮ್ಮಲ್ಲೂ ಇಂಥದೇ ಯೋಜನೆ ಬಂದಿದೆಯೆಂದು ಸಾಂತಾಕ್ರೂಜ್ ಕಡೆಯ ನಾಲೆದಂಡೆಯ ಜನ ಈಗಾಗಲೇ ಅವರನ್ನು ಹುಡುಕಿಕೊಂಡು ಬಂದಿದ್ದಾರೆ. ಬರುವ ಭಾನುವಾರ ಅಲ್ಲಿ ಸಭೆ. ಆದ್ದರಿಂದ ಅವರಿಗೆ ವಿಶ್ರಾಂತಿ ಹಾರೈಸುವುದು ವ್ಯರ್ಥ. ನೂರು ಮಳೆಗಾಲ ಕಾಣುವ ಆಯುಸ್ಸು, ನಡೆಯಲು ಗಟ್ಟಿ ಕಾಲು, ಕೇಳಬೇಕಾದ್ದನ್ನು ಕೇಳಲು ಅದೇ ಗಟ್ಟಿ ದನಿ ನಮ್ಮ ಅಕ್ಕೋರಿಗಿರಲಿ.