ಮರ್ಯಾದಸ್ಥರ ಮಾತ್ರೆ

ಆರ್.ಟಿ. ನಗರದ ಟೀ ಅಂಗಡಿಯಲ್ಲಿ ಖುದ್ದೂಸ್ ಸಾಹೇಬರು ಬಾಯಿ ತೆರೆದರೆಂದರೆ ಉಳಿದವರ ಟೀ ಆರಿಹೋಗುವುದು ಖಚಿತ. ಮಾರುವುದು ಸೋಫಾ, ಮಂಚ. ಮಾತಾಡುವುದು ಮಾತ್ರ ಫೋನಿನಲ್ಲಿ ಓದಿದ ವೈದ್ಯ. ಹೋದ ತಿಂಗಳು ಮೆಂತ್ಯದ ನೀರು, ಈ ತಿಂಗಳು ಬಿಪಿ ಮಾತ್ರೆ. "ಅದರಿಂದ ಡಿಪ್ರೆಶನ್ನೂ ಹೋಗ್ಬಹುದಂತೆ ಕಣ್ರೀ, ರಿಸರ್ಚ್ ನಡೀತಿದೆ," ಎನ್ನುತ್ತಾರೆ. ಎರಡನೇ ಟೀ ಬರುವಷ್ಟರಲ್ಲಿ ಆ ಸಂಶೋಧನೆ ಮುಗಿದು, ಅರ್ಧ ಊರಿಗೆ ಗುಣವೂ ಆಗಿರುತ್ತದೆ. ಯಾರಾದರೂ ಮನೋವೈದ್ಯರ ಹೆಸರೆತ್ತಿದರೆ ಮಾತ್ರ ಸಾಹೇಬರು ಕೆಂಡವಾಗುತ್ತಾರೆ: "ಹುಚ್ಚಿನ ಡಾಕ್ಟ್ರ ಹತ್ರ ಹೋದ್ರೆ ಮಗಳಿಗೆ ಗಂಡು ಸಿಗುತ್ತೇನ್ರೀ? ಬಿಪಿ ಅನ್ನಿ, ಮರ್ಯಾದೆ ಇರುತ್ತೆ. ಬೀಗರೂ ಉಪ್ಪು ಕಮ್ಮಿ ಹಾಕಿ ಬಿರಿಯಾನಿ ಕಳಿಸ್ತಾರೆ." ಇಷ್ಟೆಲ್ಲ ಭಾಷಣ ಮಾಡಿದವರು ಪ್ರತಿ ಶುಕ್ರವಾರ ನಮಾಜು ಮುಗಿಸಿ, ಹಿಂದಿನ ಬೀದಿಯ ಕ್ಲಿನಿಕ್ಕಿಗೆ ಹೋಗಿ ಡಾಕ್ಟರ್ ಮಹತಿಯ ಮುಂದೆ ತೋಳು ಚಾಚುತ್ತಾರೆ. ಆಕೆ ತೋಳಿನ ಪಟ್ಟಿ ಬಿಚ್ಚುತ್ತಾ, "ಬಿಪಿ ನಾರ್ಮಲ್ ಇದೆ ಸಾಹೇಬ್ರೆ, ಮಾತ್ರೆ ಏನೂ ಬೇಡ," ಎನ್ನುತ್ತಾಳೆ. ಈ ಮಾತು ಕೇಳಿ ಬೇರೆಯವರೆಲ್ಲ ನಗುತ್ತಾ ಏಳುವ ಆ ಕುರ್ಚಿಯಲ್ಲಿ ಸಾಹೇಬರು ಚಾಚಿದ ತೋಳನ್ನು ಹಿಂದಕ್ಕೆಳೆದುಕೊಳ್ಳದೆ ಹಾಗೇ ಕೂತಿರುತ್ತಾರೆ: "ಇನ್ನೊಂದ್ಸಲ ನೋಡಿ ಡಾಕ್ಟ್ರಮ್ಮಾ. ರಾತ್ರಿ ನಿದ್ದೆ ಇಲ್ಲ, ಯಾವುದ್ರಲ್ಲೂ ಮನಸ್ಸಿಲ್ಲ. ಬಿಪಿ ಸ್ವಲ್ಪನಾದ್ರೂ ಇರ್ಬೇಕಲ್ಲಾ."