ಬೈಯದೆ ಹೊಲಿದ ಕೋಟು

ನಮ್ಮ ಬೀದಿಯ ಸೂಜಿಯಕ್ಕ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಮೊದಲ ಬೈಗುಳ ಬೈದರೆ, ಪಕ್ಕದ ಬೀದಿಯ ಗಡಿಯಾರಗಳು ಬೆಚ್ಚಿ ಅರ್ಧ ಗಂಟೆ ಮುಂದೆ ಓಡುತ್ತಿದ್ದವು. ಆದರೆ ಅವಳ ಹೊಲಿಗೆಗೆ ಸಾಟಿಯಿರಲಿಲ್ಲ. ಅಳತೆಯನ್ನು ಎಂದೂ ಬರೆದುಕೊಂಡವಳಲ್ಲ. ಟೇಪು ಹಿಡಿದು, ಗಿರಾಕಿಯ ಒಂದೊಂದು ಅಂಗಕ್ಕೂ ಒಂದೊಂದು ಬೈಗುಳ ಅಂಟಿಸುತ್ತಿದ್ದಳು. "ಭುಜ ಹದಿನಾರು. ಒಂದು ದಿನ ಹೆಂಡತಿಗೆ ನೀರು ಹೊತ್ತುಕೊಟ್ಟಿದ್ರೆ ಹದಿನೆಂಟಾಗ್ತಿತ್ತು, ಸೋಮಾರಿ!" ಬೈಗುಳ ನೆನಪಾದರೆ ಅದರ ಬಾಲ ಹಿಡಿದು ಅಳತೆಯೂ ಬರುತ್ತಿತ್ತು. ನನ್ನ ಸೊಂಟದ ಅಳತೆಯನ್ನು ಅವಳು ಇನ್ನೂ ಮರೆತಿಲ್ಲ. ಆ ಬೈಗುಳವನ್ನು ನಾನೂ ಮರೆತಿಲ್ಲ.

ಅವಳಿಗೂ ನಮ್ಮ ವಾರ್ಡಿನ ಮೆಂಬರನಿಗೂ ಎಣ್ಣೆ ಸೀಗೆಕಾಯಿ. ಚರಂಡಿಗೆಂದು ಅವಳ ಅಂಗಡಿಯ ಮುಂದೆ ಗುಂಡಿ ತೋಡಿಸಿ, ಹಾಗೇ ಬಿಟ್ಟುಹೋದವನು ಆತ. ಅದರ ಆಳ ಎಷ್ಟೆಂದರೆ, ಇವತ್ತು ಬಿದ್ದ ಚಪ್ಪಲಿಯ ಸದ್ದು ನಾಳೆ ಕೇಳಿಸುತ್ತಿತ್ತು. ಹಾರಲಾರದ ಗಿರಾಕಿಗಳು ಬೇರೆ ಅಂಗಡಿ ಹಿಡಿದರು.

"ಓಟಿಗೆ ಮಾತ್ರ ಕೈಮುಗಿಯೋ ಕಳ್ಳರ ಸಹವಾಸ ಸಾಕು. ಹೊರದೇಶದಲ್ಲಿರೋ ನನ್ ತಮ್ಮನ ಹತ್ರ ಹೋಗ್ತೀನಿ. ಅಲ್ಲಿ ಚುನಾವಣೆನೂ ಇಲ್ಲ, ಗುಂಡೀನೂ ಇಲ್ಲ" ಎಂದು ಅಕ್ಕ ಸಾರಿದಳು.

ಕರೆದೊಯ್ಯಲು ತಮ್ಮನೇ ಬಂದ. ಅಲ್ಲಿನ ಬಟ್ಟೆ ಕಾರ್ಖಾನೆಯಲ್ಲಿ ಕೆಲಸ ಗೊತ್ತುಮಾಡಿದ್ದ. ಇಲ್ಲಿ ಅಂಗಡಿಯ ಬೀಗದ ಕೈ ಮಾಲೀಕನಿಗೆ ಒಪ್ಪಿಸುವುದೊಂದೇ ಬಾಕಿ.

"ಅಲ್ಲಿ ಎಲ್ಲಾನೂ ದೊಡ್ಡವರೊಬ್ಬರೇ ನೋಡ್ಕೋತಾರೆ ಅಕ್ಕ. ರಸ್ತೆ ಕನ್ನಡಿ ಇದ್ದಂಗಿದೆ, ಮುಖ ನೋಡ್ಕೋಬಹುದು. ಬಾಯಿ ಮಾತ್ರ ಸ್ವಲ್ಪ..."

"ಬಾಯಿಗೇನಾಯ್ತು?"

"ಯಾರನ್ನೂ ಬೈಯೋ ಹಾಗಿಲ್ಲ. ನಮ್ಮ ಪಕ್ಕದ ಮನೆಯವನು ನಲ್ಲೀಲಿ ನೀರು ಬರ್ಲಿಲ್ಲ ಅಂತ ಜೋರಾಗಿ ಹೇಳ್ದ. ಮರುದಿನ ನೀರು ಬಂತು, ಅವನು ಬರ್ಲಿಲ್ಲ. ಈಗ್ಲಿಂದ್ಲೇ ರೂಢಿ ಮಾಡ್ಕೋ. ಗುಂಡುಸೂಜಿ ಬಾಯಲ್ಲೇ ಇಟ್ಕೊಂಡಿರು."

ಅಕ್ಕ ತುಟಿಯ ತುಂಬ ಗುಂಡುಸೂಜಿ ಕಚ್ಚಿದಳು. ಬೀದಿ ಎಷ್ಟು ಮೌನವಾಯಿತೆಂದರೆ, ನನ್ನ ತಲೆಯ ಕೂದಲು ನರೆಯುವ ಸದ್ದು ನನಗೇ ಕೇಳಿಸಿತು.

ಆಗಲೇ ಮೆಂಬರ್ ಬಂದ, ಹಿಂಬಾಲಕರಿಂದ ಗುಂಡಿಗೆ ಹಲಗೆ ಹಾಕಿಸಿಕೊಂಡು. ಸಭೆಗೆ ಕೋಟು ಬೇಕಿತ್ತು. ಬೇರೆಯವರು ಹೊಲಿದರೆ ತೋಳೆರಡೂ ಒಂದೇ ಕಡೆ ಬರುತ್ತವೆಂಬುದು ಅವನಿಗೂ ಗೊತ್ತು. ಬೈಸಿಕೊಳ್ಳಲು ಸಿದ್ಧನಾಗಿಯೇ ಕೈ ಎತ್ತಿ ನಿಂತ. ಅಕ್ಕ ತೆಪ್ಪಗೆ ಟೇಪು ಸುತ್ತಿದಳು. ತಮ್ಮ ಸ್ಟೂಲಿನ ಮೇಲೆ ಕಾವಲು ಕೂತಿದ್ದ.

"ಯಾಕಕ್ಕ, ಹುಷಾರಿಲ್ವಾ? ಗುಂಡಿ ವಿಷಯ ಎತ್ತಲೇ ಇಲ್ಲ?"

"ಉಂ."

"ಹಾಗಾದ್ರೆ ಗುಂಡಿಯಿಂದ ಯಾರಿಗೂ ತೊಂದರೆ ಇಲ್ಲ ಅನ್ನಿ!" ಎಂದು ಮೆಂಬರ್ ಹಿಗ್ಗಿ ಹೋದ.

ಕತ್ತರಿ ಹಿಡಿದಾಗ ಅಕ್ಕನಿಗೆ ಒಂದು ಅಳತೆಯೂ ನೆನಪಿಗೆ ಬರಲಿಲ್ಲ. ಹಿಡಿದೆಳೆಯಲು ಒಂದು ಬೈಗುಳವಾದರೂ ಬೇಡವೇ? ಅಂದಾಜಿನ ಮೇಲೆ ಕತ್ತರಿಸಿದಳು. ಸಭೆಯಲ್ಲಿ ಮೆಂಬರ್ ಕೈಮುಗಿಯಲು ತೋಳು ಚಾಚಿದ್ದೇ ತಡ, ಕೋಟಿನ ಬೆನ್ನು ಸೀಳಿದ ಸದ್ದಿಗೆ ಪಾರಿವಾಳಗಳು ಊರು ಬಿಟ್ಟವು. ಇಂದಿಗೂ ತಿರುಗಿ ಬಂದಿಲ್ಲ.

ಮೆಂಬರ್ ಹರಿದ ಕೋಟಿನಲ್ಲೇ ನುಗ್ಗಿ ಬಂದ. "ಬೇಕೂಂತ ಮಾನ ಕಳೆದಿದ್ದೀಯ! ಆ ಗುಂಡೀನ ಇನ್ನೆರಡಾಳು ಆಳಕ್ಕೆ ತೋಡಿಸ್ತೀನಿ ನೋಡ್ತಿರು!"

ಅಕ್ಕ ಗುಂಡುಸೂಜಿಗಳನ್ನು ಥೂ ಎಂದು ಉಗುಳಿದಳು. ಒಂದೆರಡು ಎದುರುಗೋಡೆಗೆ ನಾಟಿಕೊಂಡವು. "ಎತ್ತೋ ಕೈ! ಹೊಟ್ಟೆ ನಲವತ್ನಾಲ್ಕು, ಅದ್ರಲ್ಲಿ ನಾಲ್ಕು ನಮ್ಮ ಚರಂಡಿ ಸಿಮೆಂಟು! ಎದೆ ನಲವತ್ತು, ಒಳಗೆಲ್ಲ ಪೊಳ್ಳು!" ಮೆಂಬರ್ ರೂಢಿಬಲದಿಂದ ಕೈ ಎತ್ತಿ ನಿಂತೇಬಿಟ್ಟ. ತಮ್ಮ ಓಡಿಹೋಗಿ ಕಿಟಕಿ ಮುಚ್ಚಿದ.

"ತೆಗಿಯೋ ಕಿಟಕಿ! ಕತ್ತಲಲ್ಲಿ ಹೊಲೀಲಾ?"

"ಅಲ್ಲಿ ಹೀಗೆ ಮಾಡಿದ್ರೆ ಮರುದಿನ ನೀನೂ ಇರಲ್ಲ, ನಾನೂ ಇರಲ್ಲ, ಅಕ್ಕ!"

"ಹಾಗಾದ್ರೆ ಇಲ್ಲೇ ಇರ್ತೀನಿ. ಗುಂಡಿ ಹಾರ್ಕೊಂಡೇ ಸಾಯ್ತೀನಿ, ಹೋಗು."

"ಉದ್ಧಾರ ಮಾಡೋಕೆ ಬಂದೆನಲ್ಲ, ನನಗೆ ಬುದ್ಧಿಯಿಲ್ಲ" ಎಂದು ತಮ್ಮ ಸೂಟ್‌ಕೇಸ್ ಎತ್ತಿಕೊಂಡು ಗುಂಡಿ ಹಾರಿ ನಡೆದ. ಬೀಗದ ಕೈ ಅಕ್ಕನ ಸೊಂಟದಲ್ಲೇ ಉಳಿಯಿತು. ಅವಳು ಬಾಗಿಲಿಗೆ ಬಂದು, ಇಡೀ ಬೀದಿಗೆ ಕೇಳುವಂತೆ ಕೂಗಿದಳು:

"ಲೋ, ಕತ್ತು ಹದಿಮೂರೂವರೆ! ಇಲ್ಲಿಂದ ಹೋಗುವಾಗ ಹದಿನೈದಿತ್ತು! ಅಂಥಾ ಕನ್ನಡಿ ರಸ್ತೇಲಿ ಒಂದು ದಿನಾನೂ ನಿನ್ ಮುಖ ನೋಡ್ಕೊಂಡಿಲ್ವೇನೋ?"

ಅವನು ಹಿಂತಿರುಗಲಿಲ್ಲ. ಯಾರಾದರೂ ಕೇಳಿಸಿಕೊಂಡರೇನೋ ಎಂದು ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೋಡಿ, ಇನ್ನೂ ಬೇಗ ಬೇಗ ನಡೆದ.